ತಪ್ಪು ರಿಪೇರಿ ಮಾಡಿದ್ದು ಗ್ಯಾರೇಜ್, ದುಡ್ಡು ಯಾಕೆ ನಾವು ಕೊಡಬೇಕು? ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಸಚಿವರಿಗೆ ಹಾಗೂ ಸಾರಿಗೆ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮದ್ದೂರು ತಾಲ್ಲೂಕಿನವನು. ಸ್ವಂತ ಪಿಕಪ್ ಗಾಡಿ ಇದೆ. ಮದ್ದೂರು ಎಪಿಎಂಸಿಯಿಂದ ಬೆಂಗಳೂರಿಗೆ ಎಳನೀರು ಲೋಡು ಹೊಡೆಯುವುದು ನನ್ನ ಕಸುಬು. ಓನರ್ ನಾನೇ, ಡ್ರೈವರ್ ಕೂಡ ನಾನೇ. ಒಂದು ಗ್ಯಾರೇಜಿನವರು ಈ ಗಾಡಿಯಲ್ಲಿ ಸರಿ ಇದ್ದದ್ದನ್ನು ಕಿತ್ತುಹಾಕಿದರು, ಕೆಟ್ಟಿದ್ದನ್ನು ಮುಟ್ಟದೆ ಬಿಟ್ಟರು, ಹೊಸದಾಗಿ ಹಾಕಿದ್ದನ್ನೂ ಕೈಯಾರೆ ಹಾಳು ಮಾಡಿದರು. ಅಷ್ಟಕ್ಕೂ ಬಿಲ್ಲು ಕಟ್ಟಿದವನು ನಾನು. ಆ ದುಡ್ಡು ನ್ಯಾಯವಾಗಿ ವಾಪಸ್ ಬರಬೇಕು ಅಂತ ಈಗ ಕೇಳುತ್ತಿದ್ದೇನೆ.

ಗ್ಯಾರೇಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ನನ್ನ ನಡುವಿನ ವ್ಯಾಜ್ಯ ಗ್ರಾಹಕರ ಆಯೋಗದಲ್ಲಿ ತೀರ್ಮಾನ ಆಗಲಿ. ನಿಮಗೆ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಕಾನೂನು ಇದೆ, ಆಯೋಗ ಇದೆ, ನಮ್ಮಂಥ ಸಣ್ಣ ಪ್ರಕರಣಗಳಿಗೆ ಶುಲ್ಕವೂ ಇಲ್ಲ. ಆದರೆ ತಪ್ಪು ರಿಪೇರಿ ಆಗಿದೆ ಅನ್ನುವುದನ್ನು ಆ ಹೊತ್ತಿಗೇ ಬಂದು ನೋಡಿ ಬರೆದುಕೊಡುವ, ಯಾರ ಕಡೆಯವರೂ ಅಲ್ಲದ ಒಬ್ಬ ಅಧಿಕಾರಿ ಇಲ್ಲ. ಇದೊಂದು ಇಲ್ಲದ್ದಕ್ಕೆ ಉಳಿದಿದ್ದೆಲ್ಲ ಇದ್ದೂ ಪ್ರಯೋಜನ ಆಗುತ್ತಿಲ್ಲ.

ಆದದ್ದು ಹೀಗೆ. ನನ್ನದು 2018ರ ಮಾಡೆಲ್ ಡೀಸೆಲ್ ಗಾಡಿ, ವಾರಂಟಿ ಯಾವಾಗಲೋ ಮುಗಿದಿದೆ. ಖಾಲಿ ಇದ್ದಾಗ ಚೆನ್ನಾಗೇ ಓಡುತ್ತಿತ್ತು. ಕಾಯಿ ತುಂಬಿಕೊಂಡು ಏರು ಹತ್ತುವಾಗ ಮಾತ್ರ ಎಷ್ಟು ಒತ್ತಿದರೂ ಪಿಕಪ್ ಇಲ್ಲ, ಹಿಂದೆ ಕರಿ ಹೊಗೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0299 ಅಂತ ಕೋಡ್ ಬಂತು. ಇಂಜಿನ್ನಿಗೆ ಸಿಗಬೇಕಾದ ಒತ್ತಡದಲ್ಲಿ ಗಾಳಿ ಸಿಗುತ್ತಿಲ್ಲ ಅಂತ ಅದರ ಅರ್ಥ, ಅಷ್ಟೇ. ಯಾವ ಭಾಗ ಕೆಟ್ಟಿದೆ ಅಂತ ಕೋಡ್ ಹೇಳುವುದಿಲ್ಲ. ಇಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊ ಸವೆದಿರಬಹುದು. ಟರ್ಬೊಗೆ ಹೋಗುವ ವ್ಯಾಕ್ಯೂಮ್ ಪೈಪ್ ಬಿಟ್ಟುಕೊಂಡಿರಬಹುದು. ಸೆನ್ಸರ್‌ಗೆ ಮಸಿ ಕಟ್ಟಿರಬಹುದು. ಟರ್ಬೊದಿಂದ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಸೀಳಿರಬಹುದು. ಇವನ್ನೆಲ್ಲ ಒಂದೊಂದಾಗಿ ನೋಡಬೇಕು. ಅಗ್ಗದ್ದನ್ನು ಮೊದಲು ಚೆಕ್ ಮಾಡಿ, ದುಬಾರಿಯದನ್ನು ಕೊನೆಗೆ ಮುಟ್ಟುವುದು ಒಳ್ಳೆ ಮೆಕ್ಯಾನಿಕ್ಕಿನ ಕ್ರಮ.

ಅಲ್ಲಿ ಆ ಕ್ರಮವೇ ಇರಲಿಲ್ಲ. "ಟರ್ಬೊ ಹೋಗಿದೆ ಅಣ್ಣ, ಬೇರೆ ದಾರಿ ಇಲ್ಲ" ಅಂದರು. ಟರ್ಬೊ, ಆಯಿಲ್, ಫಿಲ್ಟರ್, ಲೇಬರ್ ಎಲ್ಲ ಸೇರಿ 46,000 ರೂಪಾಯಿ ಆಯಿತು. ಗಾಡಿ ತಗೊಂಡು ಲೋಡು ಹಾಕಿದರೆ ಮತ್ತದೇ ಕಥೆ, ಏರಿನಲ್ಲಿ ಎಳೆಯುತ್ತಿಲ್ಲ. "ಹೊಸ ಟರ್ಬೊ ಸೆಟ್ ಆಗಬೇಕು, ಸ್ವಲ್ಪ ಓಡಿಸಿ" ಅಂದರು. ಓಡಿಸಿದೆ. ಈ ಸಲ ನೀಲಿ ಹೊಗೆ ಶುರುವಾಯಿತು, ಆಯಿಲ್ ಕಡಿಮೆ ಆಗತೊಡಗಿತು. ಮತ್ತೆ ಹೋದರೆ ಮಾತೇ ಬದಲಾಯಿತು. ಇಂಜಿನ್ ಕೆಲಸಕ್ಕೆ ಬಂದಿದೆ, ಇಳಿಸಬೇಕು, ಒಂದು ಲಕ್ಷದ ಮೇಲಾಗುತ್ತದೆ ಅಂದರು.

ಇಂಜಿನ್ ಇಳಿಸೋಕೆ ಮನಸ್ಸು ಒಪ್ಪಲಿಲ್ಲ. ಗೆಳೆಯರು ಹೇಳಿದರು ಅಂತ ಮಂಡ್ಯದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಗಾಡಿ ಕೆಳಗೆ ಟಾರ್ಚ್ ಹಿಡಿದು ಮಲಗಿದರು. ಇಂಟರ್‌ಕೂಲರ್ ಹೋಸಿನ ಕ್ಲಾಂಪ್ ಹತ್ತಿರ ಎಣ್ಣೆ ಬೆರೆತ ಮಸಿ ಅಂಟಿತ್ತು. ಹೋಸ್ ಬಿಚ್ಚಿ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಕಂಪ್ರೆಸರ್ ಗಾಳಿ ಬಿಟ್ಟು, ಮೇಲೆ ಸೋಪಿನ ನೀರು ಹಾಕಿದರು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೆ. ಹೋಸಿನ ಅಡಿಭಾಗದಲ್ಲಿ, ಮೇಲಿನಿಂದ ಕಾಣದ ಕಡೆ, ಬೆರಳುದ್ದ ಸೀಳು. ಗಾಳಿ ಇಲ್ಲದಾಗ ಅದರ ಎರಡೂ ಅಂಚು ಕೂಡಿಕೊಂಡು ಗೆರೆಯ ಹಾಗೆ ಕಾಣುತ್ತಿತ್ತು. ಒತ್ತಡ ಬಿದ್ದ ತಕ್ಷಣ ಬಾಯಿ ಬಿಟ್ಟು ಬುಸ್ ಅಂತ ಗುಳ್ಳೆ ಎಬ್ಬಿಸಿತು. ಖಾಲಿ ಗಾಡಿ ಯಾಕೆ ಚೆನ್ನಾಗಿ ಓಡುತ್ತಿತ್ತು, ಲೋಡಿನಲ್ಲಿ ಯಾಕೆ ಸೋಲುತ್ತಿತ್ತು ಅನ್ನುವುದು ಅಲ್ಲೇ ಗೊತ್ತಾಯಿತು. ಆ ಹೋಸಿನ ಬೆಲೆ 2,000 ರೂಪಾಯಿಯೂ ಇಲ್ಲ.

ಆಮೇಲೆ ಹೊಸ ಟರ್ಬೊ ನೋಡಿದರು. ಟರ್ಬೊದ ಶಾಫ್ಟ್ ಜೋರು ಓಟದಲ್ಲಿ ನಿಮಿಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಅದರ ಬೇರಿಂಗನ್ನು ಕಾಯುವುದು ಎಣ್ಣೆಯ ತೆಳು ಪದರ ಮಾತ್ರ. ಎಣ್ಣೆ ಸರಿಯಾಗಿ ಬರಬೇಕು, ಬಂದಷ್ಟೇ ಸಲೀಸಾಗಿ ವಾಪಸ್ ಇಳಿಯಬೇಕು. ನನ್ನ ಗಾಡಿಯಲ್ಲಿ ಎಣ್ಣೆ ವಾಪಸ್ ಇಳಿಯುವ ಪೈಪಿಗೆ, ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಹೊಸದು ಹಾಕಿರಲಿಲ್ಲ. ಅದರ ಬದಲು ಸಿಲಿಕಾನ್ ಪೇಸ್ಟ್ ಮೆತ್ತಿದ್ದರು. ಬೋಲ್ಟ್ ಬಿಗಿ ಮಾಡಿದಾಗ ಪೇಸ್ಟ್ ಒಳಕ್ಕೆ ಉಬ್ಬಿ, ಗಟ್ಟಿಯಾಗಿ, ಪೈಪಿನ ಬಾಯಿಯನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಇಳಿಯಲಾರದ ಎಣ್ಣೆ ಸೀಲ್ ದಾಟಿ ಗಾಳಿಯ ದಾರಿಗೆ ಬರುತ್ತಿತ್ತು. ನೀಲಿ ಹೊಗೆ ಅದರದ್ದು. ಶಾಫ್ಟ್ ಬೆರಳಿನಲ್ಲಿ ಅಲುಗಿಸಿದರೆ ಆಡುತ್ತಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ.

ಇದನ್ನೆಲ್ಲ ಇಷ್ಟು ವಿವರವಾಗಿ ಯಾಕೆ ಬರೆದೆ ಅಂದರೆ, ಇದೆಲ್ಲ ಕಣ್ಣಿಗೆ ಕಾಣುವ ಸಾಕ್ಷಿ. ವಾದ ಮಾಡುವಂಥದ್ದು ಇದರಲ್ಲಿ ಬಹಳ ಇಲ್ಲ. ಸೀಳು ಅಲ್ಲಿತ್ತು, ಪೇಸ್ಟ್ ಅಲ್ಲಿತ್ತು. ತಿಳಿದವರು ಅರ್ಧ ಗಂಟೆ ನಿಂತು ನೋಡಿದ್ದರೆ ಮುಗಿಯುತ್ತಿತ್ತು.

ಗ್ಯಾರೇಜಿನ ಮಾಲೀಕರ ಹತ್ತಿರ ಫೋಟೊ, ವಿಡಿಯೊ ಹಿಡಿದುಕೊಂಡು ಹೋದೆ. "ಹೋಸ್ ಆಮೇಲೆ ಸೀಳಿದೆ" ಅಂದರು. "ಪೇಸ್ಟ್ ಆ ಮೆಕ್ಯಾನಿಕ್ಕೇ ಹಾಕಿರಬಹುದು" ಅಂದರು. ನನ್ನ ಹಳೆ ಟರ್ಬೊ ಕೊಡಿ, ಅದು ಕೆಟ್ಟಿತ್ತೋ ಇಲ್ಲವೋ ಎಲ್ಲಾದರೂ ತೋರಿಸೋಣ ಅಂದೆ. ಗುಜರಿಗೆ ಹೋಯಿತು ಅಂದರು. ಕೊನೆಗೆ, ಮುಂದಿನ ಸರ್ವಿಸ್ ಲೇಬರ್ ಬೇಡ ಬಿಡಿ ಅಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಅವರ ಜೊತೆ ಜಗಳ ಆಡುವ ಮನಸ್ಸಿರಲಿಲ್ಲ. ಆದರೆ ನನ್ನ ಮನೆ ನಡೆಯುವುದು ಈ ಗಾಡಿಯಿಂದ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಎಳನೀರು ಕಾಯುವ ಮಾಲಲ್ಲ. ನಾನು ಬರದಿದ್ದರೆ ವ್ಯಾಪಾರಿ ಬೇರೆ ಗಾಡಿಗೆ ಲೋಡು ಕೊಡುತ್ತಾನೆ, ಆಮೇಲೆ ಆ ಗಾಡಿಯವನನ್ನೇ ಕರೆಯುತ್ತಾನೆ. ಅದು ತಪ್ಪೂ ಅಲ್ಲ.

ಹಾಗಾದರೆ ನ್ಯಾಯವಾದ ಪರಿಹಾರ ಅಂದರೆ ಎಷ್ಟು? ಲಕ್ಷಗಟ್ಟಲೆ ಕೇಳಿ ಆಮೇಲೆ ಚೌಕಾಸಿ ಮಾಡುವುದು ನನಗೆ ಇಷ್ಟವಿಲ್ಲ. ಹೋಸ್ ನನ್ನ ಗಾಡಿಯದು, ಓಡಿ ಓಡಿ ಹಳೆಯದಾಗಿತ್ತು, ಅದರ ಬೆಲೆಯೂ ಅದನ್ನು ಬದಲಾಯಿಸಿದ ಕೂಲಿಯೂ ನನ್ನದೇ. ಆಯಿಲ್, ಫಿಲ್ಟರ್ ಹೇಗಿದ್ದರೂ ಬದಲಾಯಿಸಬೇಕಿತ್ತು, ಅದನ್ನೂ ಬಿಡುತ್ತೇನೆ. ಆದರೆ ಸರಿ ಇದ್ದ ಟರ್ಬೊ ಕಿತ್ತಿದ್ದಕ್ಕೆ ತಗೊಂಡ ಲೇಬರ್ ವಾಪಸ್ ಬರಬೇಕು. ಹಳೆಯದೂ ಇಲ್ಲ, ಹೊಸದೂ ಕೆಟ್ಟಿತು, ಆದ್ದರಿಂದ ಕೆಲಸ ಮಾಡುವ ಒಂದು ಟರ್ಬೊ ಬರಬೇಕು, ಇಲ್ಲ ಅದರ ಬೆಲೆ ಬರಬೇಕು. ಎರಡನೇ ಗ್ಯಾರೇಜಿನಲ್ಲಿ ಆ ಹಾಳನ್ನು ಸರಿಪಡಿಸಲು ಆದ ಖರ್ಚು ಬರಬೇಕು. ಅವರ ತಪ್ಪಿನಿಂದ ಗಾಡಿ ನಿಂತ ದಿನಗಳ ಬಾಡಿಗೆಯಲ್ಲಿ ಡೀಸೆಲ್, ಟೋಲ್ ಕಳೆದು ನನಗೆ ಉಳಿಯುತ್ತಿದ್ದಷ್ಟು ಬರಬೇಕು. ಮಾರುಕಟ್ಟೆಯ ಲೋಡು ಚೀಟಿಗಳು ನನ್ನ ಹತ್ತಿರ ಇವೆ, ಲೆಕ್ಕ ಅದರಲ್ಲೇ ಸಿಗುತ್ತದೆ. "ಹೊಸ ಪಾರ್ಟ್ ನಿಮ್ಮ ಗಾಡಿಯಲ್ಲೇ ಇದೆ ಅಲ್ವಾ, ಅದಕ್ಕೆ ದುಡ್ಡು ಕೊಡಲೇಬೇಕು" ಅನ್ನುವ ಮಾತು ಎಷ್ಟೋ ಕಡೆ ನಡೆಯುತ್ತದೆ. ಬೇಡದ ಪಾರ್ಟ್ ಹಾಕಿ ಅದಕ್ಕೆ ದುಡ್ಡು ಕೇಳುವುದು ಯಾವ ನ್ಯಾಯ? ನಾನು ಪಾರ್ಟ್ ಕೊಳ್ಳಲು ಹೋಗಿರಲಿಲ್ಲ, ಗಾಡಿಯ ತೊಂದರೆ ಕಂಡುಹಿಡಿದು ಸರಿಮಾಡಿ ಅಂತ ಹೋಗಿದ್ದೆ.

ಈಗ ಕಾನೂನಿನ ಮಾತು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಸೇವೆಯಲ್ಲಿ ಲೋಪ ಆದರೆ ಕೊಟ್ಟ ದುಡ್ಡು ವಾಪಸ್ ಕೊಡಿಸಲು, ಅಜಾಗರೂಕತೆಯಿಂದ ಆದ ನಷ್ಟ ತುಂಬಿಸಲು, ಖರ್ಚು ಕೊಡಿಸಲು ಜಿಲ್ಲಾ ಆಯೋಗಕ್ಕೆ ಅಧಿಕಾರ ಇದೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ನಮ್ಮ ಊರು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇಬೇಕು ಅಂತಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಬಿಲ್ಲು ಕೊಡದೆ ಇರುವುದೇ ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕಚ್ಚಾ ಚೀಟಿಯಲ್ಲಿ ಮೊತ್ತ ಗೀಚಿ ಕೊಡುವ ಗ್ಯಾರೇಜಿನವರೂ, ಅದನ್ನು ಸುಮ್ನೆ ಜೇಬಿಗೆ ಇಳಿಸಿಕೊಳ್ಳುವ ನಾವೂ ಇದನ್ನು ತಿಳಿದಿರಬೇಕು.

"ನಿಮ್ಮದು ಯೆಲ್ಲೋ ಬೋರ್ಡ್ ಗಾಡಿ, ನೀವು ಗ್ರಾಹಕರೇ ಅಲ್ಲ" ಅಂತ ನನ್ನನ್ನು ಹೆದರಿಸಿದರು. ಇದು ಸರಿಯಲ್ಲ. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಕಾಯ್ದೆಯಿಂದ ಹೊರಗೆ ಅನ್ನುವುದು ನಿಜ. ಆದರೆ ಕೊಂಡ ವಸ್ತುವನ್ನು ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವುದು ವ್ಯಾಪಾರದ ಉದ್ದೇಶ ಅಲ್ಲ ಅಂತ ಅದೇ ಕಾಯ್ದೆ ಬಿಡಿಸಿ ಹೇಳುತ್ತದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉದಾಹರಣೆಯೇ ನಮ್ಮದು: ಜೀವನಕ್ಕಾಗಿ ತಾನೇ ಓಡಿಸಲು ಆಟೊ ಕೊಂಡವನು ಗ್ರಾಹಕ, ತಾನೇ ಓಡಿಸಲು ಲಾರಿ ಕೊಂಡವನೂ ಗ್ರಾಹಕ. ಆಟೊ, ಟ್ಯಾಕ್ಸಿ, ಪಿಕಪ್ ಓಡಿಸುವ ಅಣ್ಣತಮ್ಮಂದಿರು ಈ ಮಾತನ್ನು ನೆನಪಿಟ್ಟುಕೊಳ್ಳಿ. ಈ ಒಂದು ಸುಳ್ಳಿಗೆ ಹೆದರಿ ಎಷ್ಟು ಜನ ದೂರು ಕೊಡದೆ ಸುಮ್ಮನಾಗಿದ್ದಾರೋ.

ಸಚಿವರೇ, ತೊಡಕು ಇರುವುದು ಇದಾದ ಮೇಲೆ. ಲೋಪ ಆಗಿದೆ ಅಂತ ಸಾಬೀತು ಮಾಡುವ ಹೊಣೆ ದೂರು ಕೊಟ್ಟವರದ್ದು ಅಂತ ಸುಪ್ರೀಂ ಕೋರ್ಟ್ 2021ರಲ್ಲೂ ಹೇಳಿದೆ. ಅದು ಸರಿಯಾದ ತತ್ವವೇ. ಸುಮ್ಮಸುಮ್ಮನೆ ದೂರಿದವರಿಗೆಲ್ಲ ಗ್ಯಾರೇಜಿನವರು ದುಡ್ಡು ಕೊಡುವ ಹಾಗಿರಬಾರದು. ಆದರೆ ರಿಪೇರಿಯ ಸಾಕ್ಷಿ ಇರುವುದು ಗಾಡಿಯ ಒಳಗೆ. ಆ ಸಾಕ್ಷಿ ಉಳಿಯಬೇಕಾದರೆ ಗಾಡಿ ಹಾಗೇ ನಿಲ್ಲಬೇಕು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ದೂರು ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ, ನಿಜದಲ್ಲಿ ಬಹಳ ಪ್ರಕರಣಗಳು ಅದಕ್ಕಿಂತ ಜಾಸ್ತಿ ಎಳೆಯುತ್ತವೆ. ಅಷ್ಟು ಕಾಲ ಗಾಡಿ ನಿಲ್ಲಿಸಿ ಯಾವ ಡ್ರೈವರ್ ಬದುಕುತ್ತಾನೆ? ಅವನು ಬೇರೆ ಕಡೆ ರಿಪೇರಿ ಮಾಡಿಸಿ ರಸ್ತೆಗೆ ಇಳಿಸುತ್ತಾನೆ. ರಿಪೇರಿ ಆದ ದಿನವೇ ಸಾಕ್ಷಿಯೂ ಅಳಿದುಹೋಗುತ್ತದೆ. ಆಮೇಲೆ ಆಯೋಗದಲ್ಲಿ ತಜ್ಞರ ವರದಿ ಎಲ್ಲಿ ಅಂತ ಕೇಳಿದಾಗ ಅವನ ಕೈಯಲ್ಲಿ ಮೊಬೈಲ್ ಫೋಟೊ ಬಿಟ್ಟರೆ ಏನೂ ಇರುವುದಿಲ್ಲ. ಎರಡನೇ ಮೆಕ್ಯಾನಿಕ್ ಬರೆದುಕೊಡಲಿ ಅಂದರೆ, ಅದೇ ಊರಿನಲ್ಲಿ ಅದೇ ಕಸುಬು ಮಾಡುವವರು ಇನ್ನೊಬ್ಬರ ವಿರುದ್ಧ ಸಹಿ ಹಾಕಲು ಹಿಂಜರಿಯುತ್ತಾರೆ. ನನಗೆ ಸಹಾಯ ಮಾಡಿದ ಹಿರಿಯರೂ "ವಿಡಿಯೊ ಮಾಡ್ಕೊ ಮಗಾ, ಸಹಿ ಮಾತ್ರ ಕೇಳಬೇಡ" ಅಂದರು. ಅವರನ್ನು ನಾನು ದೂರುವುದಿಲ್ಲ.

ಇದಕ್ಕೆ ದಾರಿ ನಿಮ್ಮ ಇಲಾಖೆಯಲ್ಲೇ ಇದೆ. ಅಪಘಾತ ಆದಾಗ ಏನು ಮಾಡುತ್ತೀರಿ? ಪೊಲೀಸರು ಕೇಳಿದರೆ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರು ಬಂದು ಬ್ರೇಕು, ಸ್ಟೀರಿಂಗು, ಜಖಂ ಎಲ್ಲ ನೋಡಿ ವರದಿ ಬರೆಯುತ್ತಾರೆ. ಗಾಡಿ ಬಿಡುಗಡೆ ಆಗುತ್ತದೆ, ಕೇಸು ವರ್ಷ ಎಳೆದರೂ ವರದಿ ಉಳಿಯುತ್ತದೆ. ತಪ್ಪು ರಿಪೇರಿಗೂ ಇದೇ ಕ್ರಮ ತನ್ನಿ. ಡ್ರೈವರ್ ಆಗಲಿ ಗ್ಯಾರೇಜಿನವರಾಗಲಿ ಒಂದು ಶುಲ್ಕ ಕಟ್ಟಿ ಅರ್ಜಿ ಹಾಕಲಿ. ಮೂರು ದಿನದ ಒಳಗೆ ಒಬ್ಬರು ಬಂದು, ಎರಡೂ ಕಡೆಯವರನ್ನು ಕರೆಸಿ, ಗಾಡಿ ನೋಡಿ, ಕಂಡದ್ದನ್ನು ಬರೆದು, ಫೋಟೊ ಸಮೇತ ಸಹಿ ಹಾಕಲಿ. ಯಾರದ್ದು ತಪ್ಪು ಅಂತ ಅವರು ತೀರ್ಪು ಕೊಡುವುದು ಬೇಡ, ಅದು ಆಯೋಗದ ಕೆಲಸ. ನಿರೀಕ್ಷಕರಿಗೆ ಈಗಲೇ ಕೆಲಸ ಜಾಸ್ತಿ ಅಂದರೆ ಸರ್ಕಾರಿ ಪಾಲಿಟೆಕ್ನಿಕ್‌ಗಳ ಆಟೊಮೊಬೈಲ್ ವಿಭಾಗದ ಮೇಷ್ಟ್ರುಗಳಿದ್ದಾರೆ, ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್, ಡೀಸೆಲ್ ಮೆಕ್ಯಾನಿಕ್ ಕಲಿಸುವವರಿದ್ದಾರೆ. ಜಿಲ್ಲೆಗೆ ನಾಲ್ಕೈದು ಜನರ ಪಟ್ಟಿ ಮಾಡಿ ಆಯೋಗದ ಕಚೇರಿಯಲ್ಲಿ ಹಾಕಿದರೆ ಸಾಕು. ಇದರಿಂದ ಪ್ರಾಮಾಣಿಕ ಗ್ಯಾರೇಜಿಗೂ ರಕ್ಷಣೆ. ಗಿರಾಕಿಯೇ ತಪ್ಪು ಮಾಡಿ ದುಡ್ಡು ಕೇಳಿದಾಗ ಅವರ ಕೈಯಲ್ಲೂ ಒಂದು ವರದಿ ಇರುತ್ತದೆ.

ಇನ್ನೊಂದು ವಿಷಯ. ಹೊಗೆ ಪರೀಕ್ಷೆ ಮಾಡಿ ಚೀಟಿ ಕೊಡುವ ಕೇಂದ್ರಕ್ಕೆ ಸಾರಿಗೆ ಇಲಾಖೆಯ ಅನುಮತಿ ಬೇಕು. ಬ್ರೇಕ್ ಬಿಚ್ಚುವ, ಇಂಜಿನ್ ತೆರೆಯುವ ಗ್ಯಾರೇಜಿಗೆ ಊರಿನ ಟ್ರೇಡ್ ಲೈಸೆನ್ಸ್ ಇದ್ದರೆ ನಡೆಯುತ್ತದೆ. ದೊಡ್ಡ ಪರವಾನಗಿ ವ್ಯವಸ್ಥೆ ತಂದು ಸಣ್ಣ ಮೆಕ್ಯಾನಿಕ್‌ಗಳನ್ನು ಕಚೇರಿಗೆ ಅಲೆದಾಡಿಸಿ ಅಂತ ನಾನು ಹೇಳುವುದಿಲ್ಲ. ಅದೇ ಟ್ರೇಡ್ ಲೈಸೆನ್ಸ್‌ಗೆ ಕೆಲವು ಷರತ್ತು ಸೇರಿಸಿ: ಕೆಲಸಕ್ಕೆ ಮೊದಲು ಬರವಣಿಗೆಯಲ್ಲಿ ಅಂದಾಜು, ದೂರು ಏನು ಮತ್ತು ಏನೇನು ಚೆಕ್ ಮಾಡಿದರು ಅಂತ ಬರೆದ ಜಾಬ್ ಕಾರ್ಡ್, ಗಿರಾಕಿ ಕೇಳಿದರೆ ಕಿತ್ತ ಹಳೆ ಪಾರ್ಟ್ ವಾಪಸ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಿಂದ ವಾಹನ ರಿಪೇರಿಗೆ ಅಂತಲೇ ಒಂದು ಸರ್ಕಾರಿ ಬ್ಯೂರೊ ಇದೆ. ಬರೆದ ಅಂದಾಜು ಕೊಡದೆ ಅಲ್ಲಿ ಕೆಲಸ ಶುರು ಮಾಡುವಂತಿಲ್ಲ, ಕೆಲಸ ಒಪ್ಪಿಸುವಾಗಲೇ ಕೇಳಿದರೆ ಹಳೆ ಪಾರ್ಟ್ ಕೊಡಬೇಕು. ನಮ್ಮಲ್ಲಿ ಹಳೆ ಪಾರ್ಟ್ ಕೇಳಿದರೆ ನಂಬಿಕೆ ಇಲ್ಲವಾ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಹಳೆ ಟರ್ಬೊ ನನ್ನ ಕೈಯಲ್ಲಿದ್ದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಗ್ಯಾರೇಜಿನವರಿಗೂ ಒಂದು ಮಾತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಿನಲ್ಲಿ, ಗ್ರೀಸಿನಲ್ಲಿ ದುಡಿಯುವವರ ಕಷ್ಟ ಡ್ರೈವರ್‌ಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತದೆ? ನಡುರಾತ್ರಿ ಫೋನ್ ಮಾಡಿದರೆ ರಾಮನಗರದ ಹೈವೇಗೆ ಬೈಕಿನಲ್ಲಿ ಬಂದು ಗಾಡಿ ಎಬ್ಬಿಸಿಕೊಟ್ಟವರು ನೀವೇ. ಗಾಡಿಗಳು ಬದಲಾದಷ್ಟು ಬೇಗ ತರಬೇತಿ ಸಿಕ್ಕಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನುವ ಹೊಸ ಹೊಗೆ ನಿಯಮ ಬಂತು, ಸೆನ್ಸರ್ ಹೆಚ್ಚಾದವು, ಕಂಪನಿಯ ಮಾಹಿತಿ ಹೊರಗಿನ ಗ್ಯಾರೇಜಿಗೆ ಸಿಗುವುದು ಕಷ್ಟ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಕೊಡುವ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿದೆ. ಆ ಮಾಹಿತಿ ನಿಮ್ಮ ಬೀದಿಯ ತನಕ, ಕನ್ನಡದಲ್ಲಿ ಬರಬೇಕು ಅಂತ ನಾನು ನಿಮ್ಮ ಪರವಾಗಿಯೂ ಕೇಳುತ್ತೇನೆ. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ನಿಮ್ಮ ತಪ್ಪಿನ ಖರ್ಚು ಗಿರಾಕಿಯ ಬಿಲ್ಲಿಗೆ ಹೋಗಬಾರದು. ಅಂದಾಜಿನ ಮೇಲೆ ಪಾರ್ಟ್ ಬದಲಾಯಿಸುವುದಾದರೆ ಮೊದಲೇ ಹೇಳಿ. "ಇದೇ ಅಂತ ಖಚಿತ ಇಲ್ಲ, ಇದಲ್ಲದಿದ್ದರೆ ಲೇಬರ್ ತಗೊಳ್ಳಲ್ಲ" ಅನ್ನುವ ಗ್ಯಾರೇಜನ್ನು ಯಾವ ಡ್ರೈವರ್ರೂ ಬಿಟ್ಟು ಹೋಗುವುದಿಲ್ಲ.

ಓದುತ್ತಿರುವ ಗಾಡಿಯವರಿಗೆ ಅನುಭವದಿಂದ ಒಂದಿಷ್ಟು. ಎರಡನೇ ಮೆಕ್ಯಾನಿಕ್ ಬಿಚ್ಚುವ ಮೊದಲೇ ವಿಡಿಯೊ ಶುರು ಮಾಡಿ, ನಂಬರ್ ಪ್ಲೇಟೂ ಕಿಲೋಮೀಟರ್ ಓದುವ ಮೀಟರೂ ಅದರಲ್ಲಿ ಬರಲಿ. ಮೊದಲ ಗ್ಯಾರೇಜಿಗೆ ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬಿಚ್ಚಿಸುತ್ತಿದ್ದೇನೆ, ಬಂದು ನೋಡಿ ಅಂತ ಮೊದಲೇ ತಿಳಿಸಿ. ಬರದಿದ್ದರೆ ಆ ಮೆಸೇಜೇ ಸಾಕ್ಷಿ. ಬಾಕಿ ಕಟ್ಟದೆ ಗಾಡಿ ಬಿಡುವುದಿಲ್ಲ ಅಂತ ಹಟ ಮಾಡಿದರೆ, ಮಾಡಿದ ಕೆಲಸದ ಕೂಲಿ ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕು 1872ರ ಕರಾರು ಕಾಯ್ದೆಯಲ್ಲಿ ಅವರಿಗಿದೆ. ಜಗಳಕ್ಕೆ ಹೋಗದೆ ದುಡ್ಡು ಕಟ್ಟಿ, ಬಿಲ್ಲಿನ ಮೇಲೆ "ಆಕ್ಷೇಪಣೆ ಇದೆ, ಗಾಡಿ ಬಿಡಿಸಿಕೊಳ್ಳಲು ಕಟ್ಟುತ್ತಿದ್ದೇನೆ" ಅಂತ ಬರೆದು ಫೋಟೊ ತೆಗೆದಿಡಿ. ಅದೇ ಕಾಯ್ದೆಯಲ್ಲಿ, ಒಪ್ಪಿಸಿದ ವಸ್ತುವನ್ನು ತನ್ನದೇ ಅನ್ನುವಷ್ಟು ಜೋಪಾನ ಮಾಡುವ ಹೊಣೆಯೂ ಅವರ ಮೇಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಂದ ಒಂದು ಪತ್ರ ಹೋದರೆ ಮಾತಿಗೆ ಕೂರುವ ಗ್ಯಾರೇಜುಗಳೂ ಇವೆ. ಕೂರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ಆಮೇಲೆ ಆಯೋಗ.

ನಾನು ನೋಟಿಸ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ದೂರಿನ ಕಾಗದಗಳು ತಯಾರಾಗುತ್ತಿವೆ. ನನ್ನ ಪ್ರಕರಣ ಗೆಲ್ಲಿಸಿಕೊಡಿ ಅಂತ ನಿಮ್ಮನ್ನು ಕೇಳುತ್ತಿಲ್ಲ. ಮೂರು ದಿನದಲ್ಲಿ ಗಾಡಿ ನೋಡಿ ವರದಿ ಕೊಡುವ ವ್ಯವಸ್ಥೆಯನ್ನು ಒಂದು ಜಿಲ್ಲೆಯಲ್ಲಾದರೂ ಶುರು ಮಾಡಿ. ಮಂಡ್ಯದಲ್ಲೇ ಮಾಡಿ. ಎರಡೂ ಇಲಾಖೆಯವರು ಕೂತು ಮಾತಾಡುವಾಗ ಗ್ಯಾರೇಜಿನವರನ್ನೂ ಗಾಡಿ ಓಡಿಸುವವರನ್ನೂ ಕರೆಯಿರಿ. ಕರೆದರೆ ನಾನು ಬರುತ್ತೇನೆ. ಸೀಳಿದ ಹೋಸ್, ಪೈಪಿನಿಂದ ತೆಗೆದ ಪೇಸ್ಟ್, ಬಿಲ್ಲು, ವಿಡಿಯೊ ಎಲ್ಲ ತರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮದ್ದೂರು ತಾಲ್ಲೂಕಿನ ಒಬ್ಬ ಪಿಕಪ್ ಚಾಲಕ-ಮಾಲೀಕ